ಕಡಿಮೆ ದುಡ್ಡಿಗೆ ಕಾಡಿನ ಶೂ: ಗಂಬೂಟಾ, ಜಂಗಲ್ ಬೂಟಾ, ಟ್ರೆಕ್ಕಿಂಗ್ ಶೂನಾ?

ಶೂ ಅಂಗಡಿಗೆ ಹೋಗುವ ಮುಂಚೆ ತೀರ್ಮಾನ ಆಗಬೇಕಾದ ವಿಷಯ ಒಂದೇ. ನೀವು ನಡೆಯುವುದು ಎಲ್ಲಿ? ಸಾವನದುರ್ಗ, ಮಧುಗಿರಿ, ಶಿವಗಂಗೆಯ ಬರಿ ಬಂಡೆಯ ಮೇಲೆ ಹಿಡಿತ ಕೊಡುವ ಶೂ ಬೇರೆ. ಜುಲೈ ತಿಂಗಳಲ್ಲಿ ಕುದುರೆಮುಖದ ಕೆಸರಲ್ಲಿ, ಕೊಡಚಾದ್ರಿಯ ಇಳಿಜಾರಲ್ಲಿ ನಿಮ್ಮನ್ನು ನಿಲ್ಲಿಸುವ ಶೂ ಬೇರೆ. ದಿನಾ ಅಡಿಕೆ ತೋಟಕ್ಕೋ ಕಾಫಿ ತೋಟಕ್ಕೋ ಇಳಿಯುವವರಿಗೆ ಬೇಕಾಗಿದ್ದು ಇನ್ನೊಂದು. ಇದನ್ನು ಯೋಚಿಸದೆ "ಒಳ್ಳೆ ಟ್ರೆಕ್ಕಿಂಗ್ ಶೂ ತೋರಿಸಿ" ಅಂದರೆ, ಕಣ್ಣೆದುರು ಬರುವುದು ಜಾಸ್ತಿ ಬೆಲೆಯದ್ದೇ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಕೈಯಲ್ಲಿ ದುಡ್ಡು ಕಡಿಮೆ ಇದ್ದರೆ ಅದನ್ನು ಎರಡಕ್ಕೆ ಮಾತ್ರ ಹಾಕಿ. ಒಂದು, ಕಾಲಿಗೆ ಸರಿಯಾಗಿ ಕೂರುವ ಅಳತೆ. ಇನ್ನೊಂದು, ನೆಲ ಹಿಡಿಯುವ ಸೋಲ್. ನೀರೇ ಒಳಗೆ ಬರಬಾರದು ಅನ್ನುವ ಆಸೆ ಬಿಟ್ಟುಬಿಡಿ. ನಮ್ಮ ಮಲೆನಾಡಿನ ಮಳೆಯಲ್ಲಿ ಆ ಆಸೆಗೆ ಕೊಡುವ ದುಡ್ಡು ದಂಡ.

ವಾಟರ್‌ಪ್ರೂಫ್ ಮೋಹ

ಗೋರ್‌ಟೆಕ್ಸ್‌ನಂಥ ಪದರ ಇರುವ ಶೂಗಳು ಸುಳ್ಳು ಹೇಳುತ್ತವೆ ಅಂತಲ್ಲ. ಬಟ್ಟೆಯ ಒಳಗಡೆ ಒಂದು ತೆಳು ಪದರ ಇರುತ್ತದೆ. ಅದು ಹೊರಗಿನ ನೀರನ್ನು ತಡೆಯುತ್ತದೆ, ಒಳಗಿನ ಬೆವರಿನ ಆವಿಯನ್ನು ನಿಧಾನಕ್ಕೆ ಹೊರಗೆ ಬಿಡುತ್ತದೆ. ಇಬ್ಬನಿ ಬಿದ್ದ ಹುಲ್ಲಿಗೆ, ಹಿಮಕ್ಕೆ ಇದು ಚೆನ್ನಾಗಿದೆ. ಆದರೆ ನಮ್ಮಲ್ಲಿ ನೀರು ಬರುವ ದಾರಿ ಬೇರೆ. ಮಳೆ ಪ್ಯಾಂಟಿನ ಮೇಲೆ ಸುರಿದು, ಕಾಲ್ಚೀಲ ನೆನೆದು, ಮೇಲಿನಿಂದ ಶೂ ಒಳಗೆ ಇಳಿಯುತ್ತದೆ. ಹಳ್ಳ ದಾಟುವಾಗ ಮೊಣಕಾಲಿನವರೆಗೆ ನೀರು. ಒಮ್ಮೆ ಒಳಗೆ ಹೋದ ನೀರನ್ನು ಅದೇ ಪದರ ಹೊರಗೆ ಹೋಗಲು ಬಿಡುವುದಿಲ್ಲ. ಆಮೇಲೆ ಬೆಟ್ಟ ಏರಿ ಇಳಿಯುವವರೆಗೂ ಕಾಲು ನೀರಲ್ಲೇ ಇರುತ್ತದೆ. ಚರ್ಮ ಮೆತ್ತಗಾಗಿ ಬೊಬ್ಬೆ ಏಳುವುದು ಆಗಲೇ.

ಸೈನ್ಯದವರಿಗೆ ಇದು ಬಹಳ ಹಿಂದೆಯೇ ಗೊತ್ತಾಗಿತ್ತು. ವಿಯೆಟ್ನಾಂ ಯುದ್ಧದ ಕಾಲದ ಅಮೆರಿಕದ ಜಂಗಲ್ ಬೂಟುಗಳ ಪಕ್ಕದಲ್ಲಿ, ಪಾದದ ಒಳಬದಿಗೆ, ನೀರು ಹೊರಗೆ ಹೋಗಲು ಸಣ್ಣ ತೂತುಗಳನ್ನು ಇಟ್ಟಿದ್ದರು. ಮೇಲ್ಭಾಗ ಬೇಗ ಒಣಗುವ ಬಟ್ಟೆ. ಕಾಡಿನ ಮಳೆಯಲ್ಲಿ ನೀರನ್ನು ತಡೆಯಲು ಆಗುವುದಿಲ್ಲ, ಬಂದ ನೀರು ಬೇಗ ಹೋಗಬೇಕು ಅನ್ನುವುದು ಲೆಕ್ಕಾಚಾರ. ಆಗುಂಬೆಯ ಮಳೆಗೂ ಇದೇ ಲೆಕ್ಕ ಸರಿ.

ಹಾಗಾಗಿ ಒಂದೇ ಮಾದರಿಯಲ್ಲಿ ಸಾದಾ ಮತ್ತು ವಾಟರ್‌ಪ್ರೂಫ್ ಎರಡೂ ಇದ್ದರೆ ಸಾದಾ ತೆಗೆದುಕೊಳ್ಳಿ. ಉಳಿದ ಸಾವಿರ ರೂಪಾಯಿಗೆ ಬೇರೆ ಕೆಲಸ ಇದೆ, ಮುಂದೆ ಹೇಳುತ್ತೇನೆ.

ಸೋಲ್ ನೋಡುವುದು ಹೇಗೆ

ಶೂವನ್ನು ಮೊದಲು ಮಗುಚಿ ಹಾಕಿ ನೋಡಿ. ಬಣ್ಣ, ಬ್ರ್ಯಾಂಡ್ ಆಮೇಲೆ.

ಸೋಲ್‌ನ ನೆಲ ಮುಟ್ಟುವ ಪದರ ರಬ್ಬರ್ ಆಗಿರಬೇಕು. ಅಗ್ಗದ ಶೂಗಳಲ್ಲಿ ಪಿವಿಸಿ ಪ್ಲಾಸ್ಟಿಕ್ ಇರುತ್ತದೆ, ಇಲ್ಲವೇ ಇವಿಎ ಎಂಬ ಫೋಮ್ ನೇರವಾಗಿ ನೆಲಕ್ಕೆ ತಾಗುತ್ತದೆ. ಪಿವಿಸಿ ಒದ್ದೆ ಕಲ್ಲಿನ ಮೇಲೆ ಜಾರುತ್ತದೆ. ಇವಿಎ ಹಗುರ, ಮೆತ್ತಗೆ, ಆದರೆ ಜಲ್ಲಿಕಲ್ಲಿನ ದಾರಿಯಲ್ಲಿ ಬೇಗ ಸವೆಯುತ್ತದೆ. ಗುರುತಿಸಲು ಒಂದು ಸುಲಭ ದಾರಿ ಇದೆ. ಉಗುರಿನಿಂದ ಒತ್ತಿ. ಸ್ವಲ್ಪ ತಗ್ಗಾಗಿ, ಬಿಟ್ಟ ಕೂಡಲೇ ಮೇಲೆ ಬಂದರೆ ಒಳ್ಳೆಯ ರಬ್ಬರ್. ಉಗುರೇ ಇಳಿಯದೆ ನುಣ್ಣಗೆ ಹೊಳೆಯುತ್ತಿದ್ದರೆ ಬೇಡ. ಮನೆಗೆ ತಂದ ಮೇಲೆ, ಬಿಲ್ ಇನ್ನೂ ಕೈಯಲ್ಲಿರುವಾಗಲೇ, ಬಚ್ಚಲ ಒದ್ದೆ ನೆಲದ ಮೇಲೆ ಗೋಡೆ ಹಿಡಿದುಕೊಂಡು ಒಮ್ಮೆ ಕಾಲು ಜಾರಿಸಿ ನೋಡಿ. ಅಲ್ಲಿ ಜಾರಿದ್ದು ಹಳ್ಳದ ಕಲ್ಲಿನ ಮೇಲೂ ಜಾರುತ್ತದೆ.

ಇನ್ನು ಹಲ್ಲು, ಅಂದರೆ ಸೋಲ್‌ನ ಅಡಿಯ ಉಬ್ಬುಗಳು. ಕೆಸರಿಗೆ 4–5 ಮಿ.ಮೀ. ಆಳದ, ಒಂದಕ್ಕೊಂದು ದೂರ ಇರುವ ಹಲ್ಲು ಬೇಕು. ಹತ್ತಿರ ಹತ್ತಿರ ಇದ್ದರೆ ಮಣ್ಣು ಸಿಕ್ಕಿಕೊಂಡು ಹತ್ತು ಹೆಜ್ಜೆಗೆ ಸೋಲ್ ಚಪ್ಪಟೆ ಆಗುತ್ತದೆ. ಬಯಲುಸೀಮೆಯ ಬಂಡೆಗೆ ಇದರ ಉಲ್ಟಾ. ಅಲ್ಲಿ ರಬ್ಬರ್ ಎಷ್ಟು ಜಾಸ್ತಿ ಕಲ್ಲಿಗೆ ತಾಗುತ್ತದೋ ಅಷ್ಟು ಹಿಡಿತ. ರಾಮನಗರದ ಒಣ ಬಂಡೆಯ ಮೇಲೆ, ಆಳ ಹಲ್ಲಿನ ಗಟ್ಟಿ ಬೂಟಿಗಿಂತ ಮೆದು ರಬ್ಬರಿನ ಸಾದಾ ಶೂ ಎಷ್ಟೋ ವಾಸಿ.

ಇವತ್ತು ಎಲ್ಲ ಕಂಪನಿಗಳೂ ಮಾಡುವ ಹಲ್ಲಿನ ರಬ್ಬರ್ ಸೋಲ್‌ಗೆ ಒಂದು ನೋವಿನ ಹಿನ್ನೆಲೆ ಇದೆ. 1935ರಲ್ಲಿ ಆಲ್ಪ್ಸ್‌ನಲ್ಲಿ ಇಟಲಿಯ ವಿತಾಲೆ ಬ್ರಮಾನಿ ಅವರ ಆರು ಜನ ಜೊತೆಗಾರರು ತೀರಿಕೊಂಡರು. ಹವೆ ಕೆಟ್ಟಾಗ ಅವರ ಕಾಲಲ್ಲಿದ್ದ ತೆಳು ಶೂಗಳು ಕೈಕೊಟ್ಟಿದ್ದವು. ಆಮೇಲೆ ಬ್ರಮಾನಿ ಟೈರು ಮಾಡುವ ಪಿರೆಲ್ಲಿ ಕಂಪನಿಯ ನೆರವು ಪಡೆದು, ಕಲ್ಲು ಮತ್ತು ಹಿಮ ಎರಡನ್ನೂ ಹಿಡಿಯುವ ರಬ್ಬರ್ ಸೋಲ್ ತಂದರು. ದುಬಾರಿ ಶೂಗಳ ಅಡಿಯಲ್ಲಿ ಹಳದಿ ಗುರುತಿನ ವೈಬ್ರಮ್ ಅಂತ ಇರುತ್ತದಲ್ಲ, ಅದು ಇದೇ. ಸೋಲ್‌ಗೆ ಕೊಡುವ ದುಡ್ಡು ಸುಮ್ನೆ ಖರ್ಚಲ್ಲ ಅಂತ ನಾನು ಹೇಳುವುದು ಇದಕ್ಕೇ.

ಒಂದು ಎಚ್ಚರಿಕೆ. ಹಾವಸೆ ಕಟ್ಟಿದ ಕಲ್ಲಿನ ಮೇಲೆ ಯಾವ ಸೋಲೂ ನಿಲ್ಲುವುದಿಲ್ಲ. ಎಷ್ಟು ಸಾವಿರ ಕೊಟ್ಟಿದ್ದರೂ ಅಲ್ಲಿ ಕೋಲು ಊರಿಕೊಂಡು, ಕುಳಿತುಕೊಂಡಾದರೂ ಸರಿ, ನಿಧಾನಕ್ಕೆ ಇಳಿಯುವುದೇ ದಾರಿ.

ಗಂಬೂಟು

ಬೆಲೆ 300ರಿಂದ 600 ರೂಪಾಯಿ ಆಸುಪಾಸು. ಗೊಬ್ಬರ, ಕೀಟನಾಶಕ ಮಾರುವ ಅಂಗಡಿಯಲ್ಲೂ ಸಿಗುತ್ತದೆ. ತೋಟದ ಕೆಲಸಕ್ಕೆ ಇದಕ್ಕಿಂತ ಒಳ್ಳೆಯದು ಇಲ್ಲ ಅನ್ನುವುದು ನನ್ನ ಗಟ್ಟಿ ಮಾತು. ಕಾರಣ ಹಾವು.

ಹಾವು ಕಚ್ಚುವುದು ಹೆಚ್ಚಾಗಿ ಪಾದಕ್ಕೆ ಮತ್ತು ಮೊಣಕಾಲಿನ ಕೆಳಗೆ. ನಮ್ಮಲ್ಲಿ ಸಿಗುವ ವಿಷ ಇಳಿಸುವ ಮದ್ದು ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಎಂಬ ನಾಲ್ಕು ಹಾವುಗಳ ವಿಷಕ್ಕೆ ಮಾಡಿದ್ದು. ಪಶ್ಚಿಮ ಘಟ್ಟದ ತೋಟಗಳ ತರಗೆಲೆಯಲ್ಲಿ ಸಿಗುವ, ಮೂಗು ಮೇಲಕ್ಕೆ ಎದ್ದಿರುವ ಸಣ್ಣ ಗುಳಿಮಂಡಲಕ್ಕೆ ಆ ಮದ್ದು ಕೆಲಸ ಮಾಡುವುದಿಲ್ಲ. ತರಗೆಲೆಯ ಬಣ್ಣವೇ ಅದರ ಬಣ್ಣ, ಕಣ್ಣಿಗೆ ಬೀಳುವುದೇ ಕಷ್ಟ. ಹಾಗಿರುವಾಗ ಮೊಣಕಾಲಿನವರೆಗೆ ದಪ್ಪ ಗೋಡೆ ಇರುವ ಒಂದು ಜೋಡಿಗೆ 500 ರೂಪಾಯಿ ದೊಡ್ಡದಲ್ಲ. ತೋಟಕ್ಕೆ ಕೆಲಸಕ್ಕೆ ಬರುವವರಿಗೂ ಕೊಡಿಸಿ. ಅವರವರ ಅಳತೆಗೇ ಕೊಡಿಸಿ. ಒಂದೇ ದೊಡ್ಡ ಅಳತೆ ತಂದು ಮೂಲೆಗೆ ಇಟ್ಟರೆ ಯಾರೂ ಹಾಕುವುದಿಲ್ಲ.

ಬೆಟ್ಟಕ್ಕೆ ಮಾತ್ರ ಗಂಬೂಟು ಬೇಡ. ಕಟ್ಟಲು ಲೇಸ್ ಇಲ್ಲ, ಹಿಮ್ಮಡಿ ಒಳಗೇ ಮೇಲೆ ಕೆಳಗೆ ಆಡುತ್ತದೆ. ಒಂದು ಗಂಟೆ ಏರಿದರೆ ಮೀನಖಂಡ ಉಜ್ಜಿ ಕೆಂಪಾಗುತ್ತದೆ. ಬೆವರು ಹೊರಗೆ ಹೋಗಲು ದಾರಿಯೇ ಇಲ್ಲ.

ಜಂಗಲ್ ಬೂಟು

ಹಸಿರು ಕ್ಯಾನ್ವಾಸ್, ಕಪ್ಪು ರಬ್ಬರ್ ಸೋಲ್, ಪಾದದ ಗಂಟಿನ ಮೇಲೆ ಬರುವ ಎತ್ತರ. ಅರಣ್ಯ ಇಲಾಖೆಯ ಗಾರ್ಡು, ವಾಚರುಗಳ ಕಾಲಲ್ಲಿ ನೋಡಿರುತ್ತೀರಿ. ಪೊಲೀಸ್, ಎನ್‌ಸಿಸಿ ಸಾಮಾನು ಮಾರುವ ಅಂಗಡಿಯಲ್ಲಿ 600ರಿಂದ 1,000 ರೂಪಾಯಿಗೆ ಸಿಗುತ್ತದೆ. ಲಿಬರ್ಟಿ ವಾರಿಯರ್, ಯೂನಿಸ್ಟಾರ್ ಹೆಸರಿನವು ಆನ್‌ಲೈನಲ್ಲೂ ಇವೆ.

ಮಳೆಗಾಲದ ಕಾಡಿಗೆ, ಸಾವಿರ ರೂಪಾಯಿ ಒಳಗೆ, ನನ್ನ ಆಯ್ಕೆ ಇದೇ. ಕ್ಯಾನ್ವಾಸ್ ನೆನೆಯುತ್ತದೆ, ಹಾಗೇ ನೀರು ಬಿಡುತ್ತದೆ. ರಬ್ಬರ್ ಮೆದು, ಕೆಸರಿಗೂ ಹುಲ್ಲಿಗೂ ಹೊಂದುತ್ತದೆ. ಎತ್ತರ ಇರುವುದರಿಂದ ಮುಳ್ಳು, ಕಡ್ಡಿ ಗಂಟಿಗೆ ತಾಗುವುದಿಲ್ಲ. ಪ್ಯಾಂಟನ್ನು ಒಳಗೆ ಸೇರಿಸಿ ಕಟ್ಟಿದರೆ ಉಂಬಳಕ್ಕೂ (ಜಿಗಣೆಗೂ) ಹತ್ತಲು ಸ್ವಲ್ಪ ಹೊತ್ತು ಬೇಕು.

ಕೊರತೆ ಎರಡು ಇವೆ. ಒಳಗಡೆ ಮೆತ್ತೆ ಅನ್ನುವುದು ಹೆಸರಿಗೆ ಮಾತ್ರ. ಕಲ್ಲು ದಾರಿಯಲ್ಲಿ ಪಾದದ ಅಡಿ ಬಡಿದು ನೋಯುತ್ತದೆ. 200–300 ರೂಪಾಯಿಯ ದಪ್ಪ ಇನ್‌ಸೋಲ್ ಹಾಕಿದರೆ ಅರ್ಧಕ್ಕರ್ಧ ಸರಿಹೋಗುತ್ತದೆ, ಆದರೆ ಇನ್‌ಸೋಲ್ ಜಾಗ ತಿನ್ನುತ್ತದೆ. ಅದನ್ನು ಅಂಗಡಿಗೇ ತೆಗೆದುಕೊಂಡು ಹೋಗಿ, ಒಳಗೆ ಇಟ್ಟು ಅಳತೆ ನೋಡಿ. ಎರಡನೆಯದು, ಅಳತೆಯಲ್ಲಿ ಜೋಡಿಯಿಂದ ಜೋಡಿಗೆ ವ್ಯತ್ಯಾಸ. 8 ಅಂತ ಬರೆದಿದ್ದು ಒಂದು 8ರ ಹಾಗೆ, ಇನ್ನೊಂದು 7ರ ಹಾಗೆ ಕೂರಬಹುದು. ಹಾಗಾಗಿ ಜಂಗಲ್ ಬೂಟನ್ನು ಹಾಕಿ ನೋಡಿಯೇ ಕೊಳ್ಳಿ.

ಇದೇ ಅಂಗಡಿಗಳಲ್ಲಿ ಕಪ್ಪು ಚರ್ಮದ ಡಿಎಂಎಸ್ ಬೂಟೂ ಕಾಣುತ್ತದೆ. ಪರೇಡಿಗೆ ಸರಿ. ಬೆಟ್ಟಕ್ಕೆ ಭಾರ, ನೆನೆದರೆ ಇನ್ನೂ ಭಾರ. ಕಾರ್ಖಾನೆಯವರು ಹಾಕುವ ಸೇಫ್ಟಿ ಶೂವನ್ನು "ಗಟ್ಟಿ ಇದೆ" ಅಂತ ಚಾರಣಕ್ಕೆ ತರುವವರಿದ್ದಾರೆ. ಅದರ ಮುಂದಿರುವ ಉಕ್ಕಿನ ಟೋಪಿ ಇಳಿಯುವಾಗ ಬೆರಳನ್ನು ಜಜ್ಜುತ್ತದೆ. ದಯವಿಟ್ಟು ಬೇಡ.

ಟ್ರೆಕ್ಕಿಂಗ್ ಶೂ

ಕ್ರೀಡಾ ಸಾಮಾನು ಮಾರುವ ಡೆಕಾತ್ಲಾನ್ ಅಂಗಡಿಯ ಕೆಚುವಾ ಬ್ರ್ಯಾಂಡಿನ ಶೂಗಳು ಬಂದ ಮೇಲೆ ಈ ಲೆಕ್ಕ ಬದಲಾಗಿದೆ. ಎನ್‌ಎಚ್ 100ರಂಥ ಆರಂಭದ ಮಾದರಿ ಸಾವಿರದಿಂದ ಸಾವಿರದೈನೂರರ ಆಸುಪಾಸು. ಎಂಎಚ್ 100ರ ಸಾಲಿನವು ಎರಡೂವರೆ ಸಾವಿರದ ಮೇಲೆ. ವರ್ಷಕ್ಕೆ ನಾಲ್ಕೈದು ಸಲ, ಒಣ ತಿಂಗಳಲ್ಲಿ, ಸ್ಕಂದಗಿರಿಗೋ ಮುಳ್ಳಯ್ಯನಗಿರಿಗೋ ಹೋಗಿಬರುವವರಿಗೆ ಮೊದಲನೆಯದು ಧಾರಾಳ ಸಾಕು. ಬೆನ್ನ ಮೇಲೆ ಟೆಂಟು, ಅಡುಗೆ ಸಾಮಾನು ಹೊತ್ತು ಎರಡು ದಿನ ನಡೆಯುವವರು ಎರಡನೆಯದಕ್ಕೆ ಹೋಗಲಿ. ಅದರ ಸೋಲ್ ಗಟ್ಟಿ, ಹೊರೆ ಇದ್ದಾಗ ಪಾದ ತಿರುಚುವುದು ಕಡಿಮೆ.

ಗಂಟು ಮುಚ್ಚುವ ಎತ್ತರದ್ದಾ, ಗಿಡ್ಡದ್ದಾ? ಹೊರೆ ಇಲ್ಲದವರಿಗೆ, ಕಾಲು ಗಟ್ಟಿ ಇರುವವರಿಗೆ ಗಿಡ್ಡದ್ದೇ ಸಾಕು. ಪಾದದ ಮೇಲಿನ ತೂಕ ಬೆನ್ನ ಮೇಲಿನ ಅಷ್ಟೇ ತೂಕಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಸುಸ್ತು ಮಾಡುತ್ತದೆ. ಪ್ರತಿ ಹೆಜ್ಜೆಗೂ ಅದನ್ನು ಎತ್ತಿ ಮುಂದಿಡಬೇಕಲ್ಲ. ಮೊದಲೇ ಗಂಟು ಉಳುಕಿದವರು, ದೊಡ್ಡ ಚೀಲ ಹೊರುವವರು ಎತ್ತರದ್ದು ತೆಗೆದುಕೊಳ್ಳಲಿ.

ಮೂರರಿಂದ ಆರು ಸಾವಿರಕ್ಕೆ ಸಿಗುವ, ವುಡ್‌ಲ್ಯಾಂಡ್ ಥರದ ಚರ್ಮದ ಶೂಗಳು ವರ್ಷಗಟ್ಟಲೆ ಬಾಳುತ್ತವೆ ನಿಜ. ಊರಲ್ಲಿ ಓಡಾಡಲು, ಒಣ ಹವೆಯಲ್ಲಿ ನಡೆಯಲು ಚೆನ್ನಾಗಿವೆ. ಆದರೆ ಚರ್ಮ ಒಮ್ಮೆ ಪೂರ್ತಿ ನೆನೆದರೆ ಮಲೆನಾಡಿನ ಹವೆಯಲ್ಲಿ ಮೂರು ದಿನವಾದರೂ ಒಣಗುವುದಿಲ್ಲ, ಆಮೇಲೆ ಬೂಷ್ಟು. ಉತ್ತರ ಭಾರತದ ಕಡೆ ಹೋದಾಗ ಸಿಕ್ಕರೆ ನೇಪಾಳದ ಗೋಲ್ಡ್‌ಸ್ಟಾರ್ ನೋಡಿ. ಅಗ್ಗ, ಹಗುರ. ಹಿಮಾಲಯದಲ್ಲಿ ಹೊರೆ ಹೊರುವವರೇ ಅದನ್ನು ಹಾಕಿಕೊಂಡು ನಡೆಯುತ್ತಾರೆ. ಇದಕ್ಕಿಂತ ಒಳ್ಳೆಯ ಶಿಫಾರಸು ಬೇಕಾ?

ಹಿಮದ ಮೇಲಿನ ಒಂದೇ ಒಂದು ಚಾರಣಕ್ಕೆ ಅಂತ ಎಂಟು ಸಾವಿರದ ಶೂ ಕೊಳ್ಳಬೇಡಿ. ಅಲ್ಲಿ ವಾಟರ್‌ಪ್ರೂಫ್ ಬೇಕೇ ಬೇಕು, ಆದರೆ ಅದು ಬಾಡಿಗೆಗೆ ಸಿಗುತ್ತದೆ. ಒಂದು ದಿನ ಮೊದಲೇ ಹೋಗಿ ನಿಧಾನಕ್ಕೆ ಹಾಕಿ ನೋಡಿ ಆರಿಸಿಕೊಳ್ಳಿ.

ಬೆಲೆಯಲ್ಲಿ ಒಂದು ಗೆರೆ ನೆನಪಿಡಿ. 2025ರ ಸೆಪ್ಟೆಂಬರ್ 22ರಿಂದ 2,500 ರೂಪಾಯಿವರೆಗಿನ ಪಾದರಕ್ಷೆಗೆ ಜಿಎಸ್‌ಟಿ ಶೇ. 5, ಅದನ್ನು ಮೀರಿದರೆ ಶೇ. 18. ಹಾಗಾಗಿ ಆ ಗೆರೆ ದಾಟುವ ಮುಂಚೆ, ಮೇಲಿನ ಶೂ ನಿಮಗೆ ನಿಜಕ್ಕೂ ಏನು ಜಾಸ್ತಿ ಕೊಡುತ್ತಿದೆ ಅಂತ ಕೇಳಿಕೊಳ್ಳಿ.

ಅಳತೆ

ಇಲ್ಲಿ ಆತುರ ಮಾಡಲೇಬೇಡಿ. ಐನೂರರ ಶೂ ಸರಿಯಾಗಿ ಕೂತರೆ ಐದು ಸಾವಿರದ ಸರಿಯಿಲ್ಲದ ಶೂವನ್ನು ಸೋಲಿಸುತ್ತದೆ.

ಸಂಜೆ ಹೊತ್ತು ಅಳೆಯಿರಿ. ದಿನವಿಡೀ ಓಡಾಡಿದ ಪಾದ ಸ್ವಲ್ಪ ಊದಿರುತ್ತದೆ. ಬೆಟ್ಟದಲ್ಲೂ ಹಾಗೇ ಊದುತ್ತದೆ. ಗೋಡೆಗೆ ಹಿಮ್ಮಡಿ ತಾಗಿಸಿ, ಕಾಗದದ ಮೇಲೆ ಪೂರ್ತಿ ಭಾರ ಹಾಕಿ ನಿಂತು, ಎಲ್ಲಕ್ಕಿಂತ ಮುಂದಿರುವ ಬೆರಳಿನ ತುದಿಗೆ ಗುರುತು ಹಾಕಿ. ಕೆಲವರಿಗೆ ಹೆಬ್ಬೆರಳಿಗಿಂತ ಎರಡನೇ ಬೆರಳೇ ಉದ್ದ. ಎರಡೂ ಪಾದ ಅಳೆದು, ದೊಡ್ಡದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ಅದಕ್ಕೆ ಒಂದು ಸೆಂ.ಮೀ. ಸೇರಿಸಿ. ಶೂನ ಒಳಗೆ ಅಷ್ಟು ಉದ್ದ ಬೇಕು. ನಮ್ಮ ಅಂಗಡಿಗಳ 7, 8, 9 ಅನ್ನುವುದು ಬ್ರಿಟಿಷ್ ಅಳತೆ. ಒಂದು ಸಂಖ್ಯೆಯಿಂದ ಮುಂದಿನದಕ್ಕೆ ಸುಮಾರು 8.5 ಮಿ.ಮೀ. ವ್ಯತ್ಯಾಸ. ಯುರೋಪಿನ 41, 42 ಅನ್ನುವುದಕ್ಕೆ 6.7 ಮಿ.ಮೀ. ಎರಡರ ನಡುವೆ ಸಿಕ್ಕಿಕೊಂಡರೆ ದೊಡ್ಡದರ ಕಡೆ ಹೋಗಿ, ದಪ್ಪ ಕಾಲ್ಚೀಲದಿಂದ ತುಂಬಿಸಬಹುದು.

ಉದ್ದಕ್ಕಿಂತ ತೊಂದರೆ ಕೊಡುವುದು ಅಗಲ. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ ದೇಶದ ಬೇರೆ ಬೇರೆ ಕಡೆ ಲಕ್ಷಕ್ಕೂ ಹೆಚ್ಚು ಜನರ ಪಾದ ಅಳೆದಿತ್ತು. ಭಾರತೀಯರ ಪಾದ ಯುರೋಪ್, ಅಮೆರಿಕದವರಿಗಿಂತ ಅಗಲ ಅಂತ ಕಂಡುಬಂತು. ಅದಕ್ಕೇ ನಮ್ಮದೇ ಅಳತೆ ಪದ್ಧತಿ ಇರಲಿ ಅಂತ "ಭಾ" ಎಂಬ ಹೆಸರಿನಲ್ಲಿ ಪ್ರಸ್ತಾವವೂ ಬಂದಿದೆ. ಬರಿಗಾಲಲ್ಲೋ ಹವಾಯಿ ಚಪ್ಪಲಿಯಲ್ಲೋ ಬೆಳೆದ ನಮ್ಮೂರಿನ ಎಷ್ಟೋ ಜನರಿಗೆ ಬ್ರ್ಯಾಂಡ್ ಶೂ ಪಕ್ಕದಲ್ಲಿ ಹಿಂಡುವುದು ಇದಕ್ಕೇ. ತಪ್ಪು ಕಾಲಿನದ್ದಲ್ಲ.

ಅಗಲ ನೋಡುವ ಒಳ್ಳೆಯ ಉಪಾಯ: ಶೂ ಒಳಗಿನ ಇನ್‌ಸೋಲ್ ತೆಗೆದು ನೆಲದ ಮೇಲಿಟ್ಟು ಅದರ ಮೇಲೆ ನಿಲ್ಲಿ. ಪಾದ ಎರಡೂ ಕಡೆ ಹೊರಗೆ ಚೆಲ್ಲಿದರೆ ಆ ಶೂ ನಿಮ್ಮದಲ್ಲ. "ಹಾಕ್ತಾ ಹಾಕ್ತಾ ಸಡಿಲ ಆಗುತ್ತೆ" ಅನ್ನುವ ಮಾತಿಗೆ ಮರುಳಾಗಬೇಡಿ. ಚರ್ಮ ಸ್ವಲ್ಪ ಹಿಗ್ಗುತ್ತದೆ, ಇವತ್ತಿನ ಸಿಂಥೆಟಿಕ್ ಹಿಗ್ಗುವುದಿಲ್ಲ. ಹೆಂಗಸರ ಮಾದರಿ ಬಿಗಿ ಅನ್ನಿಸಿದರೆ ಗಂಡಸರ ಸಾಲಿನಲ್ಲಿ ಸಣ್ಣ ಅಳತೆ ನೋಡಿ. ಬಣ್ಣ ಬೇರೆ ಇರಬಹುದು, ಅಗಲ ಸಿಗುತ್ತದೆ.

ಹಾಕಿ ನೋಡುವಾಗ ಬೆಟ್ಟಕ್ಕೆ ಹಾಕುವ ಕಾಲ್ಚೀಲವನ್ನೇ ಹಾಕಿಕೊಂಡು ಹೋಗಿ. ಲೇಸ್ ಕಟ್ಟಿ, ಅಂಗಡಿಯ ಮೆಟ್ಟಿಲನ್ನು ಜೋರಾಗಿ ಇಳಿಯಿರಿ. ಶೂ ತುದಿಯನ್ನು ನೆಲಕ್ಕೆ ಕುಟ್ಟಿ. ಬೆರಳು ಮುಂದೆ ತಾಗಿತಾ? ಹಾಗಿದ್ದರೆ ಒಂದು ಅಳತೆ ಮೇಲೆ ಹೋಗಿ. ಕುಮಾರಪರ್ವತದಿಂದ ಕುಕ್ಕೆಗೆ ಇಳಿಯುವ ಉದ್ದದ ದಾರಿಯಲ್ಲಿ ಉಗುರು ಕಪ್ಪಾಗಿ ಬಿದ್ದುಹೋಗುವುದು ಇದೇ ತಾಗುವಿಕೆಯಿಂದ. ಮೆಟ್ಟಿಲು ಹತ್ತುವಾಗ ಹಿಮ್ಮಡಿ ಏಳುತ್ತದಾ ನೋಡಿ. ಸ್ವಲ್ಪ ಎದ್ದರೆ ಮೇಲಿನ ಕೊನೆಯ ತೂತಿನಲ್ಲಿ ಲೇಸನ್ನು ಕುಣಿಕೆ ಮಾಡಿ, ಎದುರಿನ ಲೇಸ್ ಅದರೊಳಗೆ ಹಾಯಿಸಿ ಎಳೆದು ಕಟ್ಟಿ. ಹಿಮ್ಮಡಿ ಹಿಂದಕ್ಕೆ ಕೂತುಬಿಡುತ್ತದೆ. ಹಾಗೆ ಮಾಡಿಯೂ ಎದ್ದರೆ ಬೇರೆ ಜೋಡಿ ನೋಡಿ.

ಉಳಿದ ದುಡ್ಡಿನ ಕೆಲಸ

ಎರಡು ಜೊತೆ ನೈಲಾನ್ ಅಥವಾ ಉಣ್ಣೆ ಬೆರೆತ ಕಾಲ್ಚೀಲ. ಹತ್ತಿಯದ್ದು ಬೇಡ. ನೆನೆದ ಹತ್ತಿ ಒಣಗುವುದಿಲ್ಲ, ಮಡಚಿಕೊಂಡು ಚರ್ಮ ಉಜ್ಜುತ್ತದೆ.

ಆಮೇಲೆ ಹೊಲಿಗೆ. ಅಗ್ಗದ ಶೂಗಳ ಸೋಲ್ ಬರೀ ಅಂಟಿನ ಮೇಲೆ ನಿಂತಿರುತ್ತದೆ. ಹೊಸ ಶೂವನ್ನು ಮೊದಲ ಬೆಟ್ಟಕ್ಕೆ ಮುಂಚೆಯೇ ಚಪ್ಪಲಿ ರಿಪೇರಿಯವರ ಹತ್ತಿರ ಕೊಟ್ಟು ಸುತ್ತಲೂ ದಪ್ಪ ನೈಲಾನ್ ದಾರದ ಹೊಲಿಗೆ ಹಾಕಿಸಿ. ನೂರಿನ್ನೂರು ರೂಪಾಯಿ ಆಗಬಹುದು. ಇಷ್ಟು ಕಡಿಮೆ ದುಡ್ಡಿಗೆ ಶೂನ ಆಯಸ್ಸು ಇಷ್ಟು ಜಾಸ್ತಿ ಮಾಡುವ ಕೆಲಸ ಇನ್ನೊಂದಿಲ್ಲ. ಗೋರ್‌ಟೆಕ್ಸ್ ಇದ್ದರೆ ಮಾತ್ರ ಹೊಲಿಸಬೇಡಿ, ಪದರ ತೂತಾಗುತ್ತದೆ.

ಮಳೆಗಾಲಕ್ಕಾದರೆ ಮೊಣಕಾಲಿನವರೆಗೆ ಬರುವ ಒತ್ತು ನೇಯ್ಗೆಯ ಉಂಬಳದ ಚೀಲ ಒಂದು ಜೊತೆ. ಕಾಲ್ಚೀಲದ ಮೇಲೆ ಹಾಕಿ, ಅದರ ಮೇಲೆ ಶೂ. ಹೊಗೆಸೊಪ್ಪು, ಉಪ್ಪು ಹಚ್ಚುವ ಹಳೆಯ ಪದ್ಧತಿ ಒಳ್ಳೆಯದೇ, ಆದರೆ ಜೋರು ಮಳೆಗೆ ತೊಳೆದುಹೋಗುತ್ತದೆ. ಬಟ್ಟೆ ತೊಳೆದುಹೋಗುವುದಿಲ್ಲ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು, ಮನೆಯಲ್ಲಿ ಶೂ ಎತ್ತಿಟ್ಟವರು ಒಂದು ವಿಷಯ ತಿಳಿದಿರಬೇಕು. ಸೋಲ್‌ನ ನಡುವಿನ ಪದರ ಪಿಯು, ಅಂದರೆ ಪಾಲಿಯುರೆಥೇನ್ ಆಗಿದ್ದರೆ, ಗಾಳಿಯ ತೇವಾಂಶವೇ ಅದನ್ನು ನಿಧಾನಕ್ಕೆ ಒಡೆಯುತ್ತದೆ. ಹಾಕದೆ ಪೆಟ್ಟಿಗೆಯಲ್ಲಿಟ್ಟರೂ ಆಗುತ್ತದೆ, ಕರಾವಳಿ ಮಲೆನಾಡಿನಲ್ಲಿ ಇನ್ನೂ ಬೇಗ. ಹೊರಗಿನಿಂದ ಹೊಸದರ ಹಾಗೇ ಕಾಣುವ ಶೂ ನಾಲ್ಕೈದು ವರ್ಷದ ಮೇಲೆ ಬೆಟ್ಟದ ಮಧ್ಯೆ ಪುಡಿಪುಡಿಯಾಗಿ ಉದುರಬಹುದು. ಆದ್ದರಿಂದ ಹಳೆಯ ಶೂವನ್ನು ಎರಡೂ ಕೈಯಲ್ಲಿ ಹಿಡಿದು ಜೋರಾಗಿ ಬಗ್ಗಿಸಿ, ಸೋಲ್‌ನ ಪಕ್ಕವನ್ನು ಹೆಬ್ಬೆರಳಿನಿಂದ ಒತ್ತಿ. ಬಿರುಕು ಕಂಡರೆ, ಪುಡಿ ಬಂದರೆ, ಎಷ್ಟೇ ಅಗ್ಗ ಇದ್ದರೂ ಬಿಡಿ.

ನೆನೆದ ಶೂವನ್ನು ಒಲೆಯ ಮುಂದೆ ಇಡಬೇಡಿ, ಅಂಟು ಬಿಡುತ್ತದೆ. ಇನ್‌ಸೋಲ್ ಹೊರಗೆ ತೆಗೆದು, ಒಳಗೆ ಪೇಪರ್ ತುರುಕಿ, ಫ್ಯಾನಿನ ಕೆಳಗೆ ಇಡಿ. ಎರಡು ಮೂರು ಗಂಟೆಗೊಮ್ಮೆ ಪೇಪರ್ ಬದಲಿಸಿ.